'ನ್ಯಾಚುರಲ್' ಆಗಲು ಎಷ್ಟು ಗಂಟೆ ಬೇಕು?

"ನನಗೆ ನ್ಯಾಚುರಲ್ ಇಷ್ಟ." ಅಮೆರಿಕದ ಕಪ್ಪು ಹೆಣ್ಣುಮಕ್ಕಳು ತಮ್ಮ ಸುತ್ತಲಿನ ಗಂಡಸರಿಂದ ಮತ್ತೆ ಮತ್ತೆ ಕೇಳುವ ಮಾತು ಇದು. ವಿಗ್ ಬೇಡ, ವೀವ್ (ಹೊಲಿದು ಸೇರಿಸಿದ ಕೂದಲು) ಬೇಡ, ಕೆಮಿಕಲ್ ಬೇಡ, ಹುಟ್ಟಿದ ಕೂದಲೇ ಚೆಂದ ಎಂದು ಪ್ರಿಯಕರ ಹೇಳುತ್ತಾನೆ, ಅಣ್ಣ ಹೇಳುತ್ತಾನೆ, ವೇದಿಕೆ ಮೇಲಿನ ಭಾಷಣಕಾರ ಹೇಳುತ್ತಾನೆ. ಕೇಳಿದಾಗ ಹೆಣ್ಣಿನ ಪರವಾಗಿಯೇ ಆಡಿದ ಮಾತು ಅನಿಸುತ್ತದೆ. ಆದರೆ ಹಾಗೆ ಹೇಳುವವರ ಕಣ್ಣ ಮುಂದೆ ಇರುವ ಕೂದಲು ಯಾವುದು ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಹೆಚ್ಚಿನ ಸಲ ಅದು ಜಾಹೀರಾತಿನ ಕೂದಲು: ಭುಜದ ತನಕ ಇಳಿದ, ಸಡಿಲ ಸುರುಳಿಗಳ, ಮಿನುಗುವ ಕೂದಲು. ಬಿಗಿ ಸುರುಳಿಯ ಕೂದಲನ್ನು ತೊಳೆದು ಹಾಗೆಯೇ ಒಣಗಲು ಬಿಟ್ಟರೆ ಅದು ಹೀಗೆ ಕಾಣುವುದಿಲ್ಲ. ಕುಗ್ಗಿ ನೆತ್ತಿಯ ಸುತ್ತ ನಿಲ್ಲುತ್ತದೆ, ಬೆಳಕನ್ನು ಚದುರಿಸಿ ಮಬ್ಬಾಗಿ ಕಾಣುತ್ತದೆ. ನ್ಯಾಚುರಲ್ ಬೇಕೆಂದವನೇ ಆಗ "ಇವತ್ತು ತಲೆ ಬಾಚಿಕೊಳ್ಳಲಿಲ್ಲವಾ?" ಅನ್ನುತ್ತಾನೆ.

ಇನ್ನೊಂದು ಗುಂಪಿನವರಿಗೆ ನೇರವಾಗಿ ಬೆನ್ನಿಗೆ ಬೀಳುವ ಕೂದಲೇ ಬೇಕು. ತಲೆಯ ಸುತ್ತ ದುಂಡಗೆ ನಿಲ್ಲುವ ಅಫ್ರೋ ಅಂದರೆ ಅವರ ಕಣ್ಣಿಗೆ ಅಶಿಸ್ತು, ಹಗ್ಗದಂತೆ ಗಂಟುಗಟ್ಟಿಸಿದ ಲಾಕ್ಸ್ ಅಂದರೆ ಕೊಳಕು. ಈ ಎರಡು ಗುಂಪುಗಳ ಜಗಳಕ್ಕೆ ನೂರು ವರ್ಷ ದಾಟಿದೆ. ಎರಡೂ ಕಡೆ ನನಗೆ ಕಾಣುವ ಕೊರತೆ ಒಂದೇ: ಕೂದಲಿನ ಕೆಲಸ ಎಂಥದ್ದೆಂದು ಇವರಿಗೆ ಗೊತ್ತಿಲ್ಲ. ಇದು ಸಹಜ, ಅದು ಕೃತಕ ಎಂದು ಅವರು ಎಳೆದ ಗೆರೆ ಬಾಚಣಿಗೆ ಹಿಡಿದು ಕೂತವರ ಎದುರು ನಿಲ್ಲುವುದಿಲ್ಲ. ಹಾಗಾಗಿ ಅಭಿಪ್ರಾಯಗಳಿಗಿಂತ ಮೊದಲು ಕೆಲಸವನ್ನೇ ನೋಡೋಣ.

ತೊಳೆಯುವ ದಿನ

ಬಿಗಿ ಸುರುಳಿಯ ಕೂದಲಿನ ಎಳೆಯನ್ನು ಅಡ್ಡ ಕೊಯ್ದು ನೋಡಿದರೆ ಅದು ದುಂಡಗಿರುವುದಿಲ್ಲ, ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ಚರ್ಮದೊಳಗಿನ ಬುಡವೇ ಬಾಗಿರುವುದರಿಂದ ಎಳೆ ತಿರುಚಿಕೊಂಡೇ ಹೊರಬರುತ್ತದೆ, ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಟ್ಟ ಹಾಗೆ. ಪ್ರತಿ ತಿರುವೂ ಒಂದು ದುರ್ಬಲ ಜಾಗ. ನೇರ ಕೂದಲಲ್ಲಿ ನೆತ್ತಿಯ ಜಿಡ್ಡು ತಾನಾಗಿ ತುದಿಯವರೆಗೆ ಜಾರುತ್ತದೆ; ಇಲ್ಲಿ ಅದು ಮೊದಲ ಕೆಲವು ತಿರುವುಗಳಲ್ಲೇ ನಿಂತುಬಿಡುತ್ತದೆ. ನೆತ್ತಿ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ, ಒಣಗಿದ ತುದಿ ಪಕ್ಕದ ಎಳೆಗೆ ಸಿಕ್ಕುಹಾಕಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಒಣತಲೆಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ತಿರುವು ತಿರುವಿಗೂ ಮುರಿಯುತ್ತದೆ. ಕಪ್ಪು ಹೆಂಗಸರ ಕೂದಲು ಬೆಳೆಯುವುದೇ ಇಲ್ಲ ಎಂಬ ಹಳೆಯ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಬುಡದಲ್ಲಿ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತಲೇ ಇರುತ್ತದೆ. ಅಷ್ಟೇ ವೇಗದಲ್ಲಿ ತುದಿ ಮುರಿಯುತ್ತಿದ್ದರೆ ಉದ್ದ ಮಾತ್ರ ಕೈಗೆ ಸಿಗುವುದಿಲ್ಲ.

ಅದಕ್ಕೇ ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ 'ವಾಶ್ ಡೇ' ಎಂದು ಒಂದು ದಿನವನ್ನೇ ಎತ್ತಿಡುತ್ತಾರೆ. ತಲೆಯನ್ನು ನಾಲ್ಕು ಪಾಲು ಮಾಡಬೇಕು, ಕೂದಲು ದಟ್ಟವಿದ್ದರೆ ಎಂಟು. ಒಂದು ಪಾಲು ಕೈಯಲ್ಲಿರುವಾಗ ಉಳಿದವು ಕ್ಲಿಪ್ಪಿನೊಳಗೆ. ನೀರು ಹಾಕುವ ಮುಂಚೆ ಅರ್ಧ ಗಂಟೆ ಕೊಬ್ಬರಿ ಎಣ್ಣೆ ಹಚ್ಚಿಡುವುದು ಒಳ್ಳೆಯದು. ಎಳೆಯ ಒಳಕ್ಕೆ ಇಳಿಯಬಲ್ಲ ಕೆಲವೇ ಎಣ್ಣೆಗಳಲ್ಲಿ ಅದೊಂದು, ಎಳೆ ನೀರು ಕುಡಿದು ಅತಿಯಾಗಿ ಉಬ್ಬುವುದನ್ನು ತಡೆಯುತ್ತದೆ. ಸಲ್ಫೇಟ್ ಇಲ್ಲದ ಶಾಂಪೂವನ್ನು ನೆತ್ತಿಗೆ ಮಾತ್ರ ತಿಕ್ಕಬೇಕು. ಕೆಳಗಿನ ಕೂದಲಿಗೆ ಹರಿದುಹೋಗುವ ನೊರೆಯೇ ಸಾಕು. ಆಮೇಲೆ ಕಂಡಿಷನರ್, ಬೆರಳ ನಡುವೆ ಎಳೆ ಜಾರುವಷ್ಟು ಧಾರಾಳವಾಗಿ. ಸಿಕ್ಕು ಬಿಡಿಸುವುದು ಈ ಜಾರುವ ಸ್ಥಿತಿಯಲ್ಲೇ, ಮೊದಲು ಬೆರಳಲ್ಲಿ, ನಂತರ ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬುಡದ ಕಡೆಗೆ. ಬುಡದಿಂದ ಒಮ್ಮೆಗೇ ಕೆಳಕ್ಕೆ ಎಳೆದರೆ ದಾರಿಯಲ್ಲಿರುವ ಸಣ್ಣ ಸಿಕ್ಕುಗಳೆಲ್ಲ ಒಂದೇ ಗಂಟಾಗಿ ಕೆಳಗೆ ಸೇರುತ್ತವೆ, ಆಮೇಲೆ ಕತ್ತರಿಯೇ ಗತಿ.

ತೊಳೆದ ಮೇಲೆ ಟರ್ಕಿ ಟವೆಲಿನಲ್ಲಿ ಉಜ್ಜುವಂತಿಲ್ಲ. ಹಳೆಯ ಹತ್ತಿ ಟೀ ಶರ್ಟಿನಲ್ಲಿ ಒತ್ತಿ ನೀರು ತೆಗೆಯಬೇಕು. ಕೂದಲು ಇನ್ನೂ ಒದ್ದೆಯಿರುವಾಗಲೇ ತೊಳೆಯದೆ ಬಿಡುವ ತೆಳು ಕಂಡಿಷನರ್, ಅದರ ಮೇಲೆ ಎಣ್ಣೆ, ಅದರ ಮೇಲೆ ಕ್ರೀಮು. ಮೊದಲನೆಯದು ನೀರು ಕೊಡುತ್ತದೆ, ಉಳಿದೆರಡು ಆ ನೀರು ಆರದಂತೆ ಹಿಡಿದಿಡುತ್ತವೆ. ತೆಳು ಎಳೆಯವರಿಗೆ ಕ್ರೀಮು ಹೆಚ್ಚಾದರೆ ಕೂದಲು ಅಂಟಂಟಾಗಿ ಕುಸಿಯುತ್ತದೆ. ಕ್ರೀಮು ಮತ್ತು ಜೆಲ್ ಒಂದಕ್ಕೊಂದು ಹೊಂದದಿದ್ದರೆ ತಲೆಯ ತುಂಬ ಬಿಳಿ ಚೂರುಗಳು ಏಳುತ್ತವೆ, ಇಡೀ ಕೆಲಸ ಮತ್ತೆ ಮೊದಲಿನಿಂದ. (ಎರಡನ್ನೂ ಚೂರು ಚೂರು ಮುಂಗೈ ಮೇಲೆ ಹಾಕಿ ಉಜ್ಜಿ ನೋಡಿದರೆ ಮೊದಲೇ ಗೊತ್ತಾಗುತ್ತದೆ.) ಕೊನೆಗೆ ಕೂದಲಿನ ಎರಡೆರಡು ಸಣ್ಣ ಕುಚ್ಚು ಸೇರಿಸಿ ಇಪ್ಪತ್ತು ಮೂವತ್ತು ಟ್ವಿಸ್ಟ್ ಹೊಸೆದು ರಾತ್ರಿಯಿಡೀ ಒಣಗಲು ಬಿಡಬೇಕು. ದಿಂಬಿನ ಹತ್ತಿಬಟ್ಟೆ ತೇವವನ್ನು ಹೀರಿ ಎಳೆಗಳನ್ನು ಉಜ್ಜುವುದರಿಂದ ತಲೆಗೆ ನುಣುಪು ಬಟ್ಟೆಯ ಟೊಪ್ಪಿ, ಸ್ಯಾಟಿನ್ ಬಾನೆಟ್. ಬೆಳಿಗ್ಗೆ ಟ್ವಿಸ್ಟ್ ಬಿಚ್ಚಿದಾಗ ಒಳಗೆ ಚೂರು ತೇವವಿದ್ದರೂ ಮಧ್ಯಾಹ್ನದೊಳಗೆ ಎಲ್ಲ ಹಿಂಜಿಹೋಗುತ್ತದೆ.

ಸರಿಯಾಗಿ ಒಣಗಿದರೆ ಬರುವುದು 'ಟ್ವಿಸ್ಟ್ ಔಟ್': ಸಮನಾದ, ಸಡಿಲವಾದ, ಮಿನುಗುವ ಸುರುಳಿ. "ನ್ಯಾಚುರಲ್ ಇಷ್ಟ" ಅನ್ನುವ ಗಂಡಸರು ಬಹುಪಾಲು ಮೆಚ್ಚುವುದು ಇದನ್ನೇ. ಮೂರು ನಾಲ್ಕು ಬಾಟಲಿ, ನಾಲ್ಕೈದು ಗಂಟೆ, ಒಂದು ಇಡೀ ರಾತ್ರಿ ಅದರ ಹಿಂದೆ ಇವೆ. ಅದೇ ಕೂದಲು ಬೆವರಿಗೋ ಮಳೆಗೋ ಸಿಕ್ಕಿದರೆ ಎಳೆಯೊಳಗಿನ ಹೈಡ್ರೋಜನ್ ಬಂಧಗಳು ಸಡಿಲಗೊಂಡು ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಬಿಗಿ ಸುರುಳಿಯ ಕೂದಲು ಹೀಗೆ ಮರಳಿದಾಗ ತನ್ನ ಉದ್ದದ ಮುಕ್ಕಾಲು ಪಾಲಿನವರೆಗೂ ಕುಗ್ಗಬಲ್ಲದು. ಎಳೆದು ಹಿಡಿದರೆ ಬೆನ್ನು ಮುಟ್ಟುವ ಕೂದಲು ಬಿಟ್ಟರೆ ಕಿವಿಯ ಹತ್ತಿರ ನಿಲ್ಲುತ್ತದೆ. ಈಜಲು ಬರಲ್ಲ ಅಂದಳು, ಮಳೆಯಲ್ಲಿ ಓಡಿಹೋದಳು ಎಂದು ದೂರುವವರು ಹಿಂದಿನ ದಿನದ ಆ ಗಂಟೆಗಳನ್ನು ನೋಡಿರುವುದಿಲ್ಲ.

ಈ ಲೋಕದಲ್ಲಿ ಎಲ್ಲರೂ ಬಳಸುವ ಕೂದಲಿನ ವರ್ಗೀಕರಣವನ್ನು ಮಾಡಿದ್ದೂ ಒಬ್ಬ ಗಂಡಸು. ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಕೇಶವಿನ್ಯಾಸಕಾರ ಆಂಡ್ರೆ ವಾಕರ್ 1990ರ ದಶಕದಲ್ಲಿ ನೇರ ಕೂದಲಿಗೆ 1, ಅಲೆಗೆ 2, ಸುರುಳಿಗೆ 3, ಬಿಗಿ ಸುರುಳಿಗೆ 4 ಎಂದು ಅಂಕಿ ಕೊಟ್ಟರು. ನಾಲ್ಕನೆಯದರಲ್ಲಿ ಅವರು ಇಟ್ಟದ್ದು 4ಎ, 4ಬಿ ಮಾತ್ರ. ಅತಿ ಬಿಗಿಯ 4ಸಿ ಅನ್ನು ಆಮೇಲೆ ಸೇರಿಸಿಕೊಂಡವರು ಆ ಕೂದಲು ಹೊತ್ತ ಹೆಣ್ಣುಮಕ್ಕಳೇ. ಅವರವರ ತಲೆಗೆ ಯಾವ ಕ್ರೀಮು, ಎಷ್ಟು ಎಣ್ಣೆ ಎಂದು ಮಾತಾಡಿಕೊಳ್ಳಲು ಅವರಿಗೆ ಅದು ಬೇಕಿತ್ತು. ಪಟ್ಟಿಯಲ್ಲೇ ಹೆಸರಿಲ್ಲದ ಕೂದಲು ಗಂಡಸರ ಮನಸ್ಸಿನ ನ್ಯಾಚುರಲ್‌ನಲ್ಲೂ ಇರಲಿಲ್ಲ ಎಂಬುದು ನನಗೆ ಆಶ್ಚರ್ಯದ ವಿಷಯವಲ್ಲ.

ಸೇರಿಸಿದ ಕೂದಲಿನ ಅಡಿಯಲ್ಲಿ

ಇನ್ನು 'ಕೃತಕ' ಎನಿಸಿಕೊಂಡದ್ದು. ಬಾಕ್ಸ್ ಬ್ರೇಡ್ಸ್ ತೆಗೆದುಕೊಳ್ಳಿ. ನೆತ್ತಿಯನ್ನು ಸಣ್ಣ ಚೌಕಗಳಾಗಿ ಬೈತಲೆ ತೆಗೆದು, ಪ್ರತಿ ಚೌಕದ ಕೂದಲಿಗೆ ಕೃತಕ ನಾರು ಸೇರಿಸಿ ಮೂರೆಳೆಯ ಜಡೆ ಹೆಣೆಯುತ್ತಾರೆ. ಮಧ್ಯಮ ಗಾತ್ರಕ್ಕೆ ಆರರಿಂದ ಎಂಟು ಪ್ಯಾಕ್ ನಾರು, ಆರರಿಂದ ಎಂಟು ಗಂಟೆ ಕೂರುವಿಕೆ. ನಾರು ಹೆಚ್ಚಾಗಿ ಕ್ಯಾನೆಕಲಾನ್, ಜಪಾನಿನ ಕನೆಕಾ ಕಂಪನಿಯದು. ಪ್ಯಾಕ್ ಒಡೆದು ನೇರ ತಲೆಗೆ ಹಾಕಿಸಿಕೊಂಡ ಕೆಲವರಿಗೆ ಎರಡನೆಯ ದಿನಕ್ಕೆ ನೆತ್ತಿ ಉರಿಯುವಷ್ಟು ತುರಿಕೆ. ನಾರಿನ ಮೇಲಿನ ಲೇಪ ಅದಕ್ಕೆ ಕಾರಣ ಎನ್ನುತ್ತಾರೆ ಹೆಣೆಯುವವರು. ಒಂದು ಪಾಲು ಆಪಲ್ ಸೈಡರ್ ವಿನೆಗರ್‌ಗೆ ಮೂರು ನಾಲ್ಕು ಪಾಲು ನೀರು ಬೆರೆಸಿ ನಾರನ್ನು ನೆನೆಹಾಕಿದರೆ ಬಿಳಿ ಪದರವೊಂದು ತೇಲಿ ಬರುತ್ತದೆ. ತೊಳೆದು ಒಣಗಿಸಿ ಆಮೇಲೆ ಹೆಣೆಯುವುದು ಸುರಕ್ಷಿತ. ಹೆಣೆದು ಮುಗಿದ ಮೇಲೆ ತುದಿಗಳನ್ನು ಬಿಸಿನೀರಿಗೆ ಅದ್ದಿದರೆ ನಾರು ಕುಗ್ಗಿ ಬಿಚ್ಚದಂತೆ ಕೂರುತ್ತದೆ.

ಅಪಾಯವಿರುವುದು ಬುಡದಲ್ಲಿ. ಹಳೆಯ ಪದ್ಧತಿಯಲ್ಲಿ ನಾರನ್ನು ಬುಡಕ್ಕೇ ಗಂಟು ಹಾಕಿ ಶುರುಮಾಡುತ್ತಾರೆ, ಇಡೀ ಭಾರ ಆ ಗಂಟಿನ ಮೇಲೆ. ಗಂಟಿಲ್ಲದ 'ನಾಟ್‌ಲೆಸ್' ಪದ್ಧತಿಯಲ್ಲಿ ಮೊದಲ ಕೆಲವು ಸುತ್ತು ಅವಳದೇ ಕೂದಲು, ಆಮೇಲೆ ಚೂರು ಚೂರೇ ನಾರು ಸೇರುತ್ತದೆ. ಸಮಯ ಹೆಚ್ಚು, ದುಡ್ಡೂ ಹೆಚ್ಚು, ಆದರೆ ಎಳೆತ ಕಡಿಮೆ. ಹೆಣೆಸಿಕೊಂಡು ಎದ್ದಾಗ ಹುಬ್ಬು ಮೇಲೆಳೆದಂತಾಗಿದ್ದರೆ, ಮರುದಿನ ಬುಡದಲ್ಲಿ ಬಿಳಿ ಗುಳ್ಳೆ ಕಂಡರೆ, ಅದು ಅತಿ ಬಿಗಿ. ನೋವಿನ ಮಾತ್ರೆ ನುಂಗಿ ಸಹಿಸುವ ಅಭ್ಯಾಸ ಬಹಳ ಜನರಿಗಿದೆ. ಮಾಡಬೇಕಾದ್ದು ಆ ಸಾಲನ್ನು ಕೂಡಲೇ ಬಿಚ್ಚುವುದು. ಕಪಾಲದ ಎರಡು ಬದಿ ಮತ್ತು ಹಣೆಯ ಅಂಚಿನ ನವಿರು ಕೂದಲು ಮೊದಲು ಹೋಗುತ್ತದೆ. ಶುರುವಿನಲ್ಲೇ ಎಳೆತ ನಿಂತರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಕಲೆಗಟ್ಟಿ ಸಾಯುತ್ತದೆ, ಆಮೇಲೆ ಯಾವ ಎಣ್ಣೆಯೂ ತರುವುದಿಲ್ಲ. ಆರರಿಂದ ಎಂಟು ವಾರಕ್ಕೆ ಬಿಚ್ಚಲೇಬೇಕು ಎಂಬ ನಿಯಮವನ್ನು ಹಣ ಉಳಿಸಲೆಂದು ಮೂರು ತಿಂಗಳಿಗೆ ಎಳೆದರೂ ಫಲ ಇದೇ.

ಸರಿಯಾಗಿ ಮಾಡಿದರೆ ಮಾತ್ರ ಇದರಷ್ಟು ಒಳ್ಳೆಯ ವಿಶ್ರಾಂತಿ ಆ ಕೂದಲಿಗೆ ಇನ್ನೊಂದಿಲ್ಲ. ಒಂದೂವರೆ ಎರಡು ತಿಂಗಳು ಬಾಚಣಿಗೆಯಿಲ್ಲ, ಶಾಖವಿಲ್ಲ, ತುದಿಗಳು ಜಡೆಯೊಳಗೆ ಮುಚ್ಚಿ ಕೂತಿರುತ್ತವೆ. ವೀವ್ ಮತ್ತು ವಿಗ್‌ಗಳ ಒಳಗೂ ಇದೇ ನಡೆಯುವುದು. ಅವಳ ಕೂದಲನ್ನು ನೆತ್ತಿಗಂಟಿದ ಕಾರ್ನ್‌ರೋ ಸಾಲುಗಳಾಗಿ ಹೆಣೆದು, ಅದರ ಮೇಲೆ ಬಾಗಿದ ಸೂಜಿಯಲ್ಲಿ ಕೂದಲ ಪಟ್ಟಿಗಳನ್ನು ಹೊಲಿದರೆ ವೀವ್. ತಲಾ ನೂರು ಗ್ರಾಮಿನ ಎರಡು ಮೂರು ಕಟ್ಟು ಬೇಕಾಗುತ್ತವೆ. ಲೇಸ್ ಬಲೆಗೆ ಒಂದೊಂದೇ ಎಳೆ ಗಂಟು ಹಾಕಿದ ಟೊಪ್ಪಿಯಾದರೆ ವಿಗ್. ವಿಗ್‌ನ ಅಂಚನ್ನು ಗೋಂದಿನಿಂದ ಹಣೆಗೆ ಅಂಟಿಸಿ ಕಿತ್ತು ತೆಗೆಯುವುದು ಕೂದಲಂಚಿಗೆ ಕೆಡುಕು. ಎಲಾಸ್ಟಿಕ್ ಪಟ್ಟಿಯದ್ದು ವಾಸಿ. ಕೆಳಗಿನ ಸಾಲುಗಳು ಒದ್ದೆಯಿರುವಾಗಲೇ ಮುಚ್ಚಿದರೆ ಬೂಸಲು ವಾಸನೆ ಬರುತ್ತದೆ. ಇಷ್ಟನ್ನು ನೋಡಿಕೊಂಡರೆ, ಮೇಲೆ ಹೊಂಬಣ್ಣದ ನೇರ ವಿಗ್ ತೊಟ್ಟವಳ ಅಡಿಯಲ್ಲಿ ವರ್ಷಗಳಿಂದ ಕೆಮಿಕಲ್ ಮುಟ್ಟದ, ಉದ್ದಕ್ಕೆ ಬೆಳೆಯುತ್ತಿರುವ ಕೂದಲು ಇರಬಹುದು. 'ಫೇಕ್' ಎಂದು ಬೆರಳು ತೋರಿಸುವವನು ನ್ಯಾಚುರಲ್ ಕೂದಲನ್ನು ಕಾಪಾಡುವ ಕೆಲಸವನ್ನೇ ಬೈಯುತ್ತಿರುತ್ತಾನೆ.

ಈ ಕೂದಲಿನ ಒಂದು ಕೊನೆ ನಮ್ಮಲ್ಲೇ ಇದೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಹರಕೆಯ ಮುಡಿ ಬುಡ ಒಂದು ಕಡೆ, ತುದಿ ಒಂದು ಕಡೆ ಉಳಿಯುವಂತೆ ಸಿಗುತ್ತದೆ. ಎಳೆಯ ಮೇಲಿನ ಪದರಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವುದರಿಂದ ಸಿಕ್ಕಾಗದು. ಅದಕ್ಕೆ ಮಾರುಕಟ್ಟೆಯಲ್ಲಿ 'ರೆಮಿ' ಎಂಬ ಹೆಸರು, ದೊಡ್ಡ ಬೆಲೆ. ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ನಡೆಯುವುದು ಇನ್ನೊಂದು ಬಗೆಯ ಕೆಲಸ. ಮನೆಮನೆಯ ಬಾಚಣಿಗೆಯಿಂದ ಬಂದ ಉದುರುಗೂದಲನ್ನು ವ್ಯಾಪಾರಿಗಳು ಊರೂರು ತಿರುಗಿ ಕೂಡಿಸಿ ತರುತ್ತಾರೆ, ಹೆಂಗಸರು ಆ ಉಂಡೆಗಳನ್ನು ಕೈಯಲ್ಲಿ ಬಿಡಿಸುತ್ತಾರೆ, ಅಳತೆಗೆ ತಕ್ಕಂತೆ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಇದರ ಎಳೆಗಳು ದಿಕ್ಕಾಪಾಲು. ಮುಂದೆ ಕಾರ್ಖಾನೆಯಲ್ಲಿ ಆಮ್ಲದಿಂದ ಮೇಲ್ಪದರ ಕರಗಿಸಿ ಸಿಲಿಕೋನ್ ಬಳಿದು ಮಿನುಗಿಸುವುದುಂಟು. ಕೆಲವು ಶಾಂಪೂಗಳಲ್ಲಿ ಆ ಲೇಪ ಹೋದ ಮೇಲೆ ಕಟ್ಟು ಬೊಗಸೆ ಸಿಕ್ಕಾಗುತ್ತದೆ. ನೂರಾರು ಡಾಲರ್ ಕೊಟ್ಟು 'ಬ್ರೆಜಿಲಿಯನ್' ಎಂಬ ಚೀಟಿ ನೋಡಿ ಕೊಂಡವಳಿಗೆ ಅದು ಎಲ್ಲಿಯದೆಂದು ಗೊತ್ತಿರುವುದಿಲ್ಲ. ಕಚ್ಚಾ ಕೂದಲಿನ ರಫ್ತಿಗೆ ಭಾರತ ಸರ್ಕಾರ 2022ರ ಜನವರಿಯಲ್ಲಿ ನಿರ್ಬಂಧ ಹಾಕಿದ್ದು, ಕಳ್ಳದಾರಿಯಲ್ಲಿ ಹೋಗುವ ಈ ಕಚ್ಚಾ ಮಾಲು ಇಲ್ಲಿಯ ಕೈಗಳಿಗೇ ಉಳಿಯಲಿ ಎಂದು. ಭಾಗ್ಯನಗರದಲ್ಲಿ ದಿನವಿಡೀ ಬಗ್ಗಿ ಕೂದಲು ಬಿಡಿಸುವ ಹೆಂಗಸು ಮತ್ತು ಅಟ್ಲಾಂಟಾದಲ್ಲಿ ನಿಂತು ಅದನ್ನು ಹೊಲಿಯುವ ಹೆಂಗಸು, ಇಬ್ಬರ ಬೆನ್ನುನೋವೂ ಈ ಚರ್ಚೆಯಲ್ಲಿ ಲೆಕ್ಕಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ಶಿಕಾಗೊ, 1912

1912ರ ಆಗಸ್ಟ್, ಶಿಕಾಗೊ. ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಂಘದ ಸಮ್ಮೇಳನ. ವೇದಿಕೆ ಮೇಲೆ ಬೂಕರ್ ಟಿ. ವಾಷಿಂಗ್ಟನ್, ಆ ಕಾಲದ ಅತಿ ಪ್ರಭಾವಿ ಕಪ್ಪು ನಾಯಕ. ಕೂದಲು ನೇರ ಮಾಡುವ ಸರಕುಗಳ ಬಗ್ಗೆ ಅವರಿಗೆ ತಿರಸ್ಕಾರವಿತ್ತು. ಅದು ಬಿಳಿಯರ ಅನುಕರಣೆ ಎಂಬುದು ಅವರ ನಿಲುವು. ಸಭೆಯಲ್ಲಿ ಮೇಡಂ ಸಿ.ಜೆ. ವಾಕರ್ ಇದ್ದರು. 1867ರಲ್ಲಿ ಲೂಸಿಯಾನಾದ ಹತ್ತಿ ತೋಟದಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್ (ಇದು ವಾಕರ್ ಅವರ ಹುಟ್ಟುಹೆಸರು) ಅಷ್ಟರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸ್ವಂತ ಕಾರ್ಖಾನೆ ಕಟ್ಟಿಸಿ, ಸಾವಿರಾರು ಹೆಂಗಸರಿಗೆ ಕೂದಲ ಕೆಲಸದ ತರಬೇತಿ ಕೊಡಿಸುತ್ತಿದ್ದ ಉದ್ಯಮಿ. ಅವರಿಗೆ ಮಾತಾಡಲು ಅವಕಾಶ ಕೊಡಿ ಎಂದು ಪತ್ರಿಕೆಯೊಂದರ ಪ್ರಕಾಶಕರು ಕೇಳಿದರೂ ವಾಷಿಂಗ್ಟನ್ ಬೇರೆಯವರನ್ನು ಕರೆದರು. ಕೊನೆಯ ದಿನ ವಾಕರ್ ತಾವಾಗಿ ಎದ್ದು ನಿಂತರು. ನನ್ನ ಮುಖಕ್ಕೆ ಬಾಗಿಲು ಹಾಕುವುದಿಲ್ಲವಷ್ಟೆ ಎಂದು ಕೇಳಿ, ತಾನು ಹತ್ತಿ ಹೊಲದಿಂದ ಬಟ್ಟೆ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಈ ಉದ್ಯಮಕ್ಕೆ ಬಂದವಳು, ನನ್ನ ನೆಲದ ಮೇಲೆ ನನ್ನ ಕಾರ್ಖಾನೆ ಕಟ್ಟಿದ್ದೇನೆ ಎಂದರು. ಮರುವರ್ಷ ಫಿಲಡೆಲ್ಫಿಯಾದ ಸಮ್ಮೇಳನದಲ್ಲಿ ಅದೇ ವಾಷಿಂಗ್ಟನ್ ವಾಕರ್ ಅವರನ್ನು ಭಾಷಣಕ್ಕೆ ಕರೆಯಬೇಕಾಯಿತು.

ನನಗೆ ಇಲ್ಲಿ ಮುಖ್ಯ ಅನಿಸುವುದು ವಾಕರ್ ಮಾರುತ್ತಿದ್ದದ್ದು ಏನು ಎಂಬುದು. ಅವರ ಹೆಸರಾಂತ ಸರಕು ಪೆಟ್ರೋಲಿಯಂ ಜೆಲ್ಲಿಗೆ ಗಂಧಕ ಬೆರೆಸಿದ ಮುಲಾಮು. ಮನೆಯಲ್ಲಿ ನಲ್ಲಿನೀರಿಲ್ಲದ, ಕ್ಷಾರದ ಸೋಪಿನಲ್ಲಿ ಅಪರೂಪಕ್ಕೆ ತಲೆ ತೊಳೆಯುತ್ತಿದ್ದ ಬಡ ಹೆಂಗಸರ ನೆತ್ತಿ ಹುಣ್ಣಾಗಿ ಕೂದಲು ಉದುರುತ್ತಿತ್ತು, ಅವರದೂ ಉದುರಿತ್ತು. ಮುಲಾಮು, ನೆತ್ತಿಯ ಸ್ವಚ್ಛತೆ, ಆಮೇಲೆ ಬಿಸಿ ಬಾಚಣಿಗೆ, ಇದು ಅವರ ಕ್ರಮ. ತಾನು ಕೂದಲು ನೇರ ಮಾಡುವವಳಲ್ಲ, ಬೆಳೆಸುವವಳು ಎಂದೇ ಅವರು ಹೇಳಿಕೊಂಡರು. ವೇದಿಕೆಯ ಮೇಲಿನವರಿಗೆ ಕಂಡದ್ದು ಬಿಸಿ ಬಾಚಣಿಗೆ ಮಾತ್ರ.

ಇನ್ನು ಗಂಡಸರು ತಮ್ಮ ತಲೆಗೆ ಮಾಡಿಕೊಂಡದ್ದು. 1940ರ ದಶಕದ ಬಾಸ್ಟನ್‌ನಲ್ಲಿ ಮುಂದೆ ಕಪ್ಪು ಹೋರಾಟದ ನಾಯಕನಾದ, ಆಗಿನ್ನೂ ಹರೆಯದ ಮಾಲ್ಕಂ ಎಕ್ಸ್‌ನ ಕೂದಲನ್ನು ಗೆಳೆಯನೊಬ್ಬ ನೇರ ಮಾಡಿದ. ಆತ್ಮಕಥೆಯಲ್ಲಿ ಸಾಮಾನುಗಳ ಪಟ್ಟಿಯೇ ಇದೆ: ಒಂದು ಡಬ್ಬಿ ಕಾಸ್ಟಿಕ್, ಎರಡು ಮೊಟ್ಟೆ, ಎರಡು ಆಲೂಗಡ್ಡೆ, ವ್ಯಾಸಲೀನ್, ಸೋಪು, ಕೈಗವಸು. ನೆತ್ತಿ ಬೆಂಕಿಯಂತೆ ಉರಿದದ್ದನ್ನು, ಕನ್ನಡಿಯಲ್ಲಿ ನೋಡಿ ಹಿಗ್ಗಿದ್ದನ್ನು, ಆಮೇಲೆ ಅದನ್ನು ತನ್ನ ಮೊದಲ ದೊಡ್ಡ ಆತ್ಮಾವಮಾನ ಎಂದು ಕಂಡದ್ದನ್ನು ಅವರು ಮುಚ್ಚಿಡಲಿಲ್ಲ. ಶಿಕಾಗೊದ ಜಾರ್ಜ್ ಜಾನ್ಸನ್ 1954ರಲ್ಲಿ ತಮ್ಮ ಕಂಪನಿ ಶುರುಮಾಡಿದ್ದು ಗಂಡಸರ ಕೂದಲು ನೇರ ಮಾಡುವ ಕ್ರೀಮಿನಿಂದ. ಹೆಂಗಸರ ಸರಕು ಬಂದದ್ದು ಆಮೇಲೆ, 1957ರಲ್ಲಿ. 1962ರಲ್ಲಿ ಮಾಲ್ಕಂ ಲಾಸ್ ಏಂಜಲಿಸ್‌ನಲ್ಲಿ ನಿಮ್ಮ ಕೂದಲನ್ನು ದ್ವೇಷಿಸಲು ನಿಮಗೆ ಕಲಿಸಿದವರು ಯಾರು ಎಂದು ಕೇಳಿದಾಗ ಆ ಪ್ರಶ್ನೆಗೆ ತೂಕವಿದ್ದದ್ದು ತನ್ನ ನೆತ್ತಿ ಸುಟ್ಟುಕೊಂಡವನು ಅದನ್ನು ಕೇಳಿದ್ದರಿಂದ. ಅದೇ ವರ್ಷದ ಜನವರಿ 28ರಂದು ಹಾರ್ಲೆಮ್‌ನಲ್ಲಿ ನಡೆದ 'ನ್ಯಾಚುರಲಿ 62' ಪ್ರದರ್ಶನದಲ್ಲಿ ಗ್ರಾಂಡಸ್ಸಾ ಎಂಬ ತಂಡದ ಕಪ್ಪು ಮಾಡೆಲ್‌ಗಳು ನೇರ ಮಾಡದ ಕೂದಲಲ್ಲಿ ವೇದಿಕೆ ಹತ್ತಿದರು. ಸಂಘಟಿಸಿದವರಲ್ಲಿ ಮುಂದಿದ್ದವರು ಛಾಯಾಗ್ರಾಹಕ ಕ್ವಾಮೆ ಬ್ರಾತ್‌ವೇಟ್ ಮತ್ತು ಅವರ ಅಣ್ಣ. ಆ ಗಂಡಸರಿಗೆ ನಾನು ಕೃತಜ್ಞ. ಆದರೆ ಚಳವಳಿ ಬೆಳೆದಂತೆ ಅಫ್ರೋ ಒಂದು ಪರೀಕ್ಷೆಯೂ ಆಯಿತು. ನೇರ ಕೂದಲಿನವಳು ಹೋರಾಟಕ್ಕೆ ದ್ರೋಹಿ ಎಂದಾಯಿತು. ಅಫ್ರೋಗೆ ಹೆಸರಾದ ಹೋರಾಟಗಾರ್ತಿ ಆ್ಯಂಜೆಲಾ ಡೇವಿಸ್ 1994ರಲ್ಲಿ ಬರೆದ ಪ್ರಬಂಧದಲ್ಲಿ, ತನ್ನ ರಾಜಕೀಯ ಮರೆತು ಜನ ತನ್ನನ್ನು ಒಂದು ಕೇಶವಿನ್ಯಾಸವಾಗಿ ನೆನಪಿಟ್ಟುಕೊಂಡಿದ್ದಾರೆ ಎಂದು ನೊಂದುಕೊಂಡರು.

ಕೂದಲು ನೇರ ಮಾಡುವ ರಾಸಾಯನಿಕ ಕ್ರೀಮು, ಅಂದರೆ ರಿಲ್ಯಾಕ್ಸರ್, ಬೇಡ ಎನ್ನುವ ಗಂಡನ ಮಾತಿಗೆ ಒಂದು ಗಟ್ಟಿ ನೆಲೆ ಇದೆ, ಅದು ಆರೋಗ್ಯದ್ದು. ಅದರಲ್ಲಿರುವ, ಪಿಎಚ್ 12ಕ್ಕೂ ಮೇಲಿನ ತೀವ್ರ ಕ್ಷಾರವಾದ ಸೋಡಿಯಂ ಹೈಡ್ರಾಕ್ಸೈಡ್ ಎಳೆಯೊಳಗಿನ ಗಂಧಕದ ಬಂಧಗಳನ್ನು ಮುರಿದು ಮತ್ತೆ ಸುರುಳಿಗಟ್ಟದಂತೆ ಮಾಡುತ್ತದೆ. 'ಲೈ (ಕಾಸ್ಟಿಕ್) ಇಲ್ಲದ್ದು' ಎಂಬುದರಲ್ಲೂ ಗ್ವಾನಿಡಿನ್ ಹೈಡ್ರಾಕ್ಸೈಡ್ ಇದೇ ಕೆಲಸ ಮಾಡುತ್ತದೆ. ಹಚ್ಚುವ ಹಿಂದಿನ ದಿನ ನೆತ್ತಿ ಕೆರೆದುಕೊಂಡಿದ್ದರೆ ಆ ಗೀರುಗಳಲ್ಲಿ ಸುಡುತ್ತದೆ. ಆರೆಂಟು ವಾರಕ್ಕೊಮ್ಮೆ ಹೊಸ ಬೆಳವಣಿಗೆಗೆ ಹಚ್ಚುವಾಗ ಹಳೆಯ ಭಾಗಕ್ಕೆ ತಗುಲಿದರೆ ಅಲ್ಲೇ ತುಂಡಾಗುತ್ತದೆ. 33,497 ಹೆಂಗಸರನ್ನು ಅನುಸರಿಸಿದ ಅಮೆರಿಕದ ಸರ್ಕಾರಿ ಅಧ್ಯಯನವೊಂದು 2022ರಲ್ಲಿ ಹೇಳಿದ್ದು: ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ. 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ. 4.05. ಈ ಕಾಳಜಿಯಿಂದ ಬಿಡು ಎನ್ನುವವನು ಬಿಟ್ಟ ಮೇಲೆ ಏನಾಗುತ್ತದೆಂದೂ ತಿಳಿದಿರಬೇಕು. ಬುಡದಲ್ಲಿ ಸುರುಳಿ, ತುದಿಯಲ್ಲಿ ನೇರ; ಎರಡೂ ಸೇರುವ ಗೆರೆಯಲ್ಲಿ ಕೂದಲು ಮುರಿಯುತ್ತಲೇ ಇರುತ್ತದೆ. ಒಂದೋ ನೇರ ಭಾಗವನ್ನೆಲ್ಲ ಒಮ್ಮೆಗೇ ಕತ್ತರಿಸಿ ಬೆರಳುದ್ದದ ಕೂದಲಲ್ಲಿ ಕೆಲಸಕ್ಕೆ ಹೋಗಬೇಕು, ಇಲ್ಲವೇ ವರ್ಷಕ್ಕೂ ಹೆಚ್ಚು ಕಾಲ ಬ್ರೇಡ್ಸ್ ಮತ್ತು ವಿಗ್‌ಗಳ ಅಡಿಯಲ್ಲಿ ಅದನ್ನು ದಾಟಿಸಬೇಕು. ರಿಲ್ಯಾಕ್ಸರ್ ಬಿಡು ಎಂದವನೇ ವಿಗ್‌ಗೂ ಮುಖ ಸಿಂಡರಿಸಿದರೆ ಅವಳಿಗೆ ಉಳಿಯುವ ದಾರಿ ಯಾವುದು?

ನ್ಯಾಯಾಧೀಶರು ಎಳೆದ ಗೆರೆ

ಗಂಡಸರ ಅಭಿಪ್ರಾಯ ಮನೆಯೊಳಗಿನ ಮಾತಾಗಿಯೇ ಉಳಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 1786ರಲ್ಲೇ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಎಸ್ತೆಬಾನ್ ಮಿರೊ ಸ್ವತಂತ್ರ ಕಪ್ಪು ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಆಜ್ಞೆ ಮಾಡಿದ್ದ. 1981ರ ನ್ಯೂಯಾರ್ಕ್ ಪ್ರಕರಣ ಅದಕ್ಕಿಂತ ಸೂಕ್ಷ್ಮವಾದದ್ದು. ಅಮೆರಿಕನ್ ಏರ್‌ಲೈನ್ಸ್ ಉದ್ಯೋಗಿ ರೆನೀ ರಾಜರ್ಸ್ ಇಡೀ ತಲೆಗೆ ಕಾರ್ನ್‌ರೋ ಹೆಣೆಸಿಕೊಂಡಿದ್ದರು, ಕಂಪನಿಯ ನಿಯಮ ಅದನ್ನು ನಿಷೇಧಿಸಿತ್ತು. ನ್ಯಾಯಾಧೀಶ ಅಬ್ರಹಾಂ ಸೊಫೇರ್ ಕಂಪನಿಯ ಪರ ತೀರ್ಪಿತ್ತರು. ಅಫ್ರೋ ಆಗಿದ್ದರೆ ಅದು ಸಹಜವಾಗಿ ಬೆಳೆದ ಕೂದಲು, ಅದಕ್ಕೆ ರಕ್ಷಣೆ ಸಿಗಬಹುದಿತ್ತು. ಜಡೆ ಹಾಗಲ್ಲ, ಅದು ಕೈಯಿಂದ ಮಾಡಿದ್ದು, ಸುಲಭವಾಗಿ ಬದಲಿಸಬಹುದಾದದ್ದು ಎಂಬುದು ತೀರ್ಪಿನ ತರ್ಕ. ಆ ಶೈಲಿ ಜನಪ್ರಿಯವಾದದ್ದು ಬೋ ಡೆರೆಕ್ ಎಂಬ ಬಿಳಿಯ ನಟಿಯಿಂದ ಎಂಬ ಕಂಪನಿಯ ಮಾತನ್ನೂ ತೀರ್ಪು ಎತ್ತಿಕೊಂಡಿತು. ಕಂಪನಿ ಸೂಚಿಸಿದ ಪರಿಹಾರ: ಜಡೆಗಳನ್ನು ತುರುಬು ಕಟ್ಟಿ, ಕೆಲಸದ ಹೊತ್ತಿನಲ್ಲಿ ಅದರ ಸುತ್ತ ಕೃತಕ ಕೂದಲು ಸುತ್ತಿಕೊಳ್ಳಲಿ. ಅದರಿಂದ ತೀವ್ರ ತಲೆನೋವು ಬರುತ್ತದೆ ಎಂದು ರಾಜರ್ಸ್ ಹೇಳಿದರು. ದೊಡ್ಡ ಅಳತೆಯ ಕೃತಕ ಕೂದಲು ಬಳಸಬಹುದಲ್ಲ ಎಂದಿತು ಕೋರ್ಟು.

ಸಿಕ್ಕಾಗದಂತೆ, ಮುರಿಯದಂತೆ ತನ್ನ ಕೂದಲನ್ನೇ ಹೆಣೆದದ್ದು ಕೃತಕವೆಂದು ಅಲ್ಲಿ ಕಾನೂನಾಯಿತು. ಹೆಣೆಯುವುದು ಈ ಕೂದಲಿನ ದಿನನಿತ್ಯದ ಆರೈಕೆ ಎಂದು ಆ ಕೋರ್ಟಿಗೆ ಯಾರಿಂದಲೂ ಮನದಟ್ಟು ಮಾಡಿಕೊಡಲಾಗಲಿಲ್ಲ. ಅಲಬಾಮಾದ ಚಾಸ್ಟಿಟಿ ಜೋನ್ಸ್ ಲಾಕ್ಸ್ ಕತ್ತರಿಸಲೊಪ್ಪದೆ, ಕೊಡುತ್ತೇವೆಂದಿದ್ದ ಕೆಲಸ ಕಳೆದುಕೊಂಡ ಪ್ರಕರಣದಲ್ಲೂ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಇದೇ ತರ್ಕಕ್ಕೆ ಒರಗಿತು. ಅಮೆರಿಕದ ಸೇನೆ 2014ರ ಮಾರ್ಚ್‌ನಲ್ಲಿ ಟ್ವಿಸ್ಟ್‌ಗಳನ್ನು ನಿಷೇಧಿಸಿ, ಸೇವೆಯಲ್ಲಿದ್ದ ಹೆಣ್ಣುಮಕ್ಕಳ ಪ್ರತಿಭಟನೆಯ ನಂತರ ಆಗಸ್ಟ್‌ನಲ್ಲಿ ಸಡಿಲಿಸಿತು. ಲಾಕ್ಸ್‌ಗೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಮೊದಲು ತಂದ 'ಕ್ರೌನ್' ಕಾಯಿದೆ ಬ್ರೇಡ್ಸ್, ಲಾಕ್ಸ್, ಟ್ವಿಸ್ಟ್‌ಗಳನ್ನು ಹೆಸರಿಟ್ಟೇ ರಕ್ಷಿಸುತ್ತದೆ. ಮಂಡಿಸಿದವರು ಸೆನೆಟರ್ ಹಾಲಿ ಮಿಚೆಲ್, ಸ್ವತಃ ಲಾಕ್ಸ್ ಇರುವ ಕಪ್ಪು ಮಹಿಳೆ. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾಯಿದೆ ಇದೆ. ಶ್ವೇತಭವನದಲ್ಲಿದ್ದ ಎಂಟು ವರ್ಷ ಮಿಷೆಲ್ ಒಬಾಮಾ ಕೂದಲು ನೇರವಾಗಿಟ್ಟುಕೊಂಡದ್ದು, ದೇಶ ತನ್ನ ಬ್ರೇಡ್ಸ್‌ಗೆ ಸಿದ್ಧವಿಲ್ಲ ಎಂಬ ಎಣಿಕೆಯಿಂದ. ಅದನ್ನು ಅವರು ಹೇಳಿಕೊಂಡದ್ದು 2022ರಲ್ಲಿ.

ಅದೇ ವರ್ಷದ ಮಾರ್ಚ್ 27ರ ಆಸ್ಕರ್ ರಾತ್ರಿಯನ್ನು ಎಲ್ಲರೂ ನೋಡಿದ್ದಾರೆ. ಹಾಸ್ಯಗಾರ ಕ್ರಿಸ್ ರಾಕ್ ನಟಿ ಜೇಡಾ ಪಿಂಕೆಟ್ ಸ್ಮಿತ್ ಅವರ ಬೋಳುತಲೆಯ ಮೇಲೆ ಜೋಕು ಮಾಡಿದರು, ಅವರ ಗಂಡ, ನಟ ವಿಲ್ ಸ್ಮಿತ್ ಹೋಗಿ ರಾಕ್ ಕೆನ್ನೆಗೆ ಹೊಡೆದರು. ಕೂದಲು ಉದುರುವ ಅಲೊಪೇಶಿಯಾ ತನಗಿದೆ ಎಂದು ಜೇಡಾ 2018ರಲ್ಲೇ ಬಹಿರಂಗವಾಗಿ ಹೇಳಿದ್ದರು. ಜೋಕು ಮಾಡಿದ ರಾಕ್, ತನ್ನ ಪುಟ್ಟ ಮಗಳು ನನಗೇಕೆ ಒಳ್ಳೆಯ ಕೂದಲಿಲ್ಲ ಎಂದು ಕೇಳಿದ್ದಕ್ಕೆ 2009ರಲ್ಲಿ ಕಪ್ಪು ಹೆಂಗಸರ ಕೂದಲಿನ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿ, ಭಾರತದ ದೇವಸ್ಥಾನದವರೆಗೂ ಬಂದು ಹೋದವರು. ಅಷ್ಟು ನೋಡಿದ್ದೂ ಸಾಲದಾಯಿತಲ್ಲ ಎಂಬುದು ನನ್ನ ನೋವು. ನಂತರದ ವಾರಗಳಲ್ಲಿ ಚರ್ಚೆಯಾದದ್ದು ಇಬ್ಬರು ಗಂಡಸರ ವರ್ತನೆ. 2020ರ ಜನವರಿಯಲ್ಲಿ ಸಂಸತ್ ಸದಸ್ಯೆ ಅಯಾನಾ ಪ್ರೆಸ್ಲಿ ತನ್ನ ವಿಗ್ ತೆಗೆದು, ಅದೇ ಕಾಯಿಲೆಯಿಂದ ಪೂರ್ತಿ ಬೋಳಾದ ತಲೆಯನ್ನು ತೋರಿಸಿ ಮಾತಾಡಿದ್ದರು. ಅವರು ವಿಗ್ ಹಾಕಿದ್ದೂ, ತೆಗೆದದ್ದೂ ಅವರದೇ ಲೆಕ್ಕದಲ್ಲಿ.

ಕೈ ಹಾಕುವುದಾದರೆ

ಗಂಡಸರು ಸುಮ್ಮನಿರಲಿ ಎಂದು ನಾನು ಹೇಳುತ್ತಿಲ್ಲ. ಮಗಳ ತಲೆ ಹೆಣೆಯಲು ಕಲಿತ ಅಪ್ಪಂದಿರು ಅಮೆರಿಕದಲ್ಲಿ ಈಗ ಬೇಕಾದಷ್ಟಿದ್ದಾರೆ. ಅವರ ಅಭಿಪ್ರಾಯ ಬೇರೆಯದೇ ಆಗಿರುತ್ತದೆ, ಯಾಕೆಂದರೆ ಬೈತಲೆ ಸೊಟ್ಟಗಾದರೆ ಮಗು ಅಳುವುದನ್ನು ಅವರು ಕೇಳಿರುತ್ತಾರೆ. ಇಲ್ಲಿಯೂ ಇದು ದೂರದ ಮಾತಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಸಮುದಾಯದ ಹೆಣ್ಣುಮಕ್ಕಳದೂ ಬಿಗಿ ಸುರುಳಿಯ ಕೂದಲೇ. ಎಣ್ಣೆ ಹಾಕಿ ಸಣ್ಣ ಹಣಿಗೆಯಲ್ಲಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಬಾ ಎಂಬ ಶಾಲೆಯ ಶಿಸ್ತು ಆ ಕೂದಲಿಗೆ ಹೇಳಿ ಮಾಡಿಸಿದ್ದಲ್ಲ. ಒದ್ದೆಯಿರುವಾಗ, ಕಂಡಿಷನರ್ ಜಾರುತ್ತಿರುವಾಗ, ತುದಿಯಿಂದ ಬಿಡಿಸುವ ಕ್ರಮವನ್ನು ಅಲ್ಲಿಯ ಮೇಷ್ಟರೂ ಅಪ್ಪಂದಿರೂ ತಿಳಿದುಕೊಂಡರೆ ಬೆಳಗಿನ ಎಷ್ಟೋ ಅಳು ನಿಲ್ಲುತ್ತದೆ.

ಹೆಂಡತಿಯ ಅಥವಾ ಮಗಳ ಬ್ರೇಡ್ಸ್ ಬಿಚ್ಚುವ ದಿನ ಜೊತೆಗೆ ಕೂರುವುದು ಶುರುಮಾಡಲು ಒಳ್ಳೆಯ ಜಾಗ. ಒಬ್ಬಳೇ ಬಿಚ್ಚಿದರೆ ಮೂರು ನಾಲ್ಕು ಗಂಟೆ, ಇಬ್ಬರಾದರೆ ಅರ್ಧ. ಅವಳ ಕೂದಲು ಎಲ್ಲಿಗೆ ಮುಗಿಯುತ್ತದೆಂದು ಅವಳಿಂದಲೇ ತಿಳಿದು, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ನಾರನ್ನು ಕತ್ತರಿಸಬೇಕು. ಬಾಚಣಿಗೆಯ ಚೂಪು ಹಿಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೆಣಿಗೆ ಬಿಡಿಸಿಕೊಂಡು ಹೋಗಬೇಕು. ಬುಡದಲ್ಲಿ ಬೂದುಬಣ್ಣದ ಮೇಣದಂಥ ಕೊಳೆ ಕೂತಿರುತ್ತದೆ, ಅಲ್ಲಿಗೆ ಎರಡು ಹನಿ ಎಣ್ಣೆ ಹಾಕಿ ಬೆರಳಲ್ಲಿ ಸಡಿಲಿಸಬೇಕು. ರಾಶಿ ಕೂದಲು ಕೈಗೆ ಬರುತ್ತದೆ, ಗಾಬರಿಯಾಗಬಾರದು. ದಿನಕ್ಕೆ ಐವತ್ತರಿಂದ ನೂರು ಎಳೆ ಉದುರುವುದು ಎಲ್ಲರಿಗೂ ಸಹಜ, ಆರು ವಾರದ್ದು ಜಡೆಯೊಳಗೇ ಉಳಿದು ಈಗ ಒಮ್ಮೆಗೇ ಬರುತ್ತಿದೆ. ಈ ಸತ್ತ ಎಳೆಗಳನ್ನೆಲ್ಲ ಬಾಚಿ ತೆಗೆಯುವ ಮುಂಚೆ ಮಾತ್ರ ತಲೆಗೆ ನೀರು ತಾಗಿಸಬಾರದು. ತಾಗಿಸಿದರೆ ಅವು ಜೀವಂತ ಕೂದಲನ್ನೂ ಸುತ್ತಿಕೊಂಡು ಬಿಡಿಸಲಾಗದ ಗಂಟಾಗುತ್ತವೆ. ಅವಳ ಕೈ ಎಟುಕದಿರುವುದು ಹಿಂದಲೆಯ ಕೆಳಸಾಲುಗಳಿಗೆ, ಅಲ್ಲಿಂದ ಹಿಡಿಯುವುದು ವಾಸಿ. ಯಾವುದಾದರೂ ಗಂಟು ಬಿಡದೆ ಹೋದರೆ ಕತ್ತರಿ ಎತ್ತಿಕೊಳ್ಳುವ ಮುಂಚೆ ಅವಳನ್ನು ಕೇಳಬೇಕು.